ಏನು ಕಾಣಬೇಕು?

ಮೊನ್ನೆ ಮೈಸೂರಿನಲ್ಲಿ ನನ್ನ ಕಣ್ಣಿನ ಪೊರೆ ತೆಗೆದು ಲೆನ್ಸ್ ಕೂರಿಸಿದರು. ತಪಾಸಣೆಗೆ ಹೋದಾಗ ಬಿಳಿ ಕೋಟಿನ ಹುಡುಗಿಯೊಬ್ಬಳು ಹತ್ತಿರದ ದೃಷ್ಟಿ ಅಳೆಯುವ ಕಾರ್ಡನ್ನು ಕೈಗಿಟ್ಟಳು. ಕೆಳಗಿಳಿದಂತೆ ಸಣ್ಣದಾಗುತ್ತಾ ಹೋಗುವ ಕನ್ನಡ ಸಾಲುಗಳು. ನಾನು ಕೊನೆಯ ಸಾಲಿನವರೆಗೂ ಗಡಗಡನೆ ಒಪ್ಪಿಸಿಬಿಟ್ಟೆ.

"ಸರ್, ಕಾರ್ಡು ತಲೆಕೆಳಗಾಗಿದೆ," ಎಂದಳು.

ಏನು ಮಾಡಲಿ ಹೇಳಿ? ಇಡೀ ನೌಕರಿಯನ್ನು ಕಣ್ಣಿನ ಕ್ಯಾಂಪುಗಳಲ್ಲಿ ಇದೇ ಕಾರ್ಡನ್ನು ಕಂಡಕಂಡವರ ಕೈಗಿಟ್ಟು ಕಳೆದವನು ನಾನು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಗೆ ಲೆನ್ಸ್ ಹೊಸದಾಗಿ ಬಂದಾಗ, ಸೋಡಾಬುಡ್ಡಿ ಕನ್ನಡಕದ ಕಾಲ ಮುಗಿಯಿತೆಂದು ಜನ ಹಿಗ್ಗಿದ್ದರು. ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರಕ್ಕೆ ಮಾತ್ರ ಕನ್ನಡಕ ಬೇಕು ಎಂದರೆ, ನಾನೇ ಏನೋ ಕದ್ದಿಟ್ಟುಕೊಂಡಿದ್ದೇನೆ ಅನ್ನುವ ಹಾಗೆ ನೋಡುತ್ತಿದ್ದರು. ಓದು ಬಾರದವರಿಗೆಂದು ಅಂಗಿಯ ಕಾಲರಿಗೆ ಒಂದು ಸೂಜಿ ಸಿಕ್ಕಿಸಿಕೊಂಡಿರುತ್ತಿದ್ದೆ. ದಾರ ಪೋಣಿಸಿದರೆ ಪಾಸು.

ನಂಜನಗೂಡಿನ ಕ್ಯಾಂಪಿಗೆ ಒಮ್ಮೆ, ಲೆನ್ಸ್ ಹಾಕಿಸಿಕೊಂಡಿದ್ದ ತಗಡೂರಿನ ಚಿಕ್ಕತಾಯಮ್ಮ ಬಂದರು. ಜೊತೆಗೆ ಮೊಮ್ಮಗಳು ಭಾಗ್ಯ. ಸೂಜಿ ಕೊಟ್ಟರೆ ಮುಟ್ಟಲೇ ಇಲ್ಲ.

"ಮತ್ತೆ ಹತ್ತಿರದ್ದು ಏನು ಕಾಣಬೇಕಮ್ಮಾ ನಿಮಗೆ?"

"ಏನು ಕಾಣ್ಬೇಕು ಸಾ."

"ಅದೇ, ಏನು?"

"ಊಂ ಸಾ, ಏನೇಯ."

ಕಿವಿಯೂ ಮಂದವೆಂದುಕೊಂಡು ನಾನು ದನಿ ಏರಿಸಿದೆ. ಆಕೆಯೂ ಏರಿಸಿದರು. ಪಕ್ಕದಲ್ಲಿ ಚೀಟಿ ಬರೆಯುತ್ತಿದ್ದ ನಿವೃತ್ತ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಸ್ವಾಮಿ, ತಲೆಯಲ್ಲಿ ಆಗುತ್ತಲ್ಲ, ಆ ಹೇನು! ಇವರ ಊರಿನ ಬಸ್ಸಿಗೆ ಹಕಾರ ಹತ್ತೋದಿಲ್ಲ," ಎಂದು ನಕ್ಕರು.

ಚಿಕ್ಕತಾಯಮ್ಮ ನಗಲಿಲ್ಲ. ಭಾಗ್ಯಳ ಕೂದಲು ಸೊಂಟದವರೆಗಿತ್ತು. ತಾಯಿ ಬೆಳಗಾದರೆ ಕೂಲಿಗೆ ಹೋಗುವವಳು. ಸೋಮವಾರದೊಳಗೆ ತಲೆ ಕ್ಲೀನಾಗದಿದ್ದರೆ ಕ್ರಾಪು ಹೊಡೆಸಿಕೊಂಡೇ ಬಾ ಎಂದು ಸ್ಕೂಲಿನ ಮೇಡಂ ಹೇಳಿಬಿಟ್ಟಿದ್ದರು.

"ಉಡ್ಗಿ ಅನ್ನ ಮುಟ್ಟಾಕಿಲ್ಲ ಸಾ. ಜಡೆ ಇಡ್ಕಂಡೇ ಮನಿಕತಾಳೆ," ಎಂದರು.

ಸರಿ, ಸೂಜಿ ಮತ್ತೆ ಕಾಲರಿಗೆ ಹೋಯಿತು. ಭಾಗ್ಯಳನ್ನು ನೆಲದ ಮೇಲೆ ಕೂರಿಸಿ, ಅಜ್ಜಿಗೆ ಪರೀಕ್ಷೆಯ ಕನ್ನಡಕ ತೊಡಿಸಿ, ಒಂದೊಂದೇ ಗಾಜು ಬದಲಾಯಿಸುತ್ತಾ ಹೋದೆ.

"ಈಗ?"

"ಮಬ್ಬು."

"ಈಗ?"

"ಸಿಕ್ದಾ, ಬಡ್ಡೈದ್ನೇ!"

ಎರಡು ಹೆಬ್ಬೆರಳ ಉಗುರಿನ ನಡುವೆ ಟಕ್ ಎಂದು ಸದ್ದಾಯಿತು. ಅಷ್ಟು ಖಚಿತವಾದ ಉತ್ತರ ನನಗೆ ಯಾವ ಕಾರ್ಡಿನಿಂದಲೂ ಬಂದಿರಲಿಲ್ಲ.

ಆದರೆ ಕನ್ನಡಕ ತಯಾರಾಗಿ ಮೈಸೂರಿನಿಂದ ಬರಲು ಹದಿನೈದು ದಿನ ಬೇಕು. ಸೋಮವಾರ ಅಷ್ಟು ದಿನ ಕಾಯುತ್ತದೆಯೇ? ಭಾಗ್ಯಳ ಕಣ್ಣು ತುಂಬಿತು. ಮೇಷ್ಟ್ರು ನನ್ನ ಕೈಯಲ್ಲಿದ್ದ ಗಾಜಿನ ನಂಬರು ನೋಡಿದರು, ತಮ್ಮ ಕನ್ನಡಕ ತೆಗೆದು ಆಕೆಯ ಕೈಗಿಟ್ಟರು. "ನಂದೂ ಅಷ್ಟೇ ಪವರ್ರು. ತಗೊಂಡೋಗಿ ತಾಯಿ." ಅವತ್ತು ಉಳಿದ ಚೀಟಿಗಳನ್ನೆಲ್ಲ ನಾನೇ ಬರೆದೆ. ನನ್ನ ಕೈಬರಹ ನೋಡಿ ಔಷಧಿ ಕೊಡುವವರು ಜಗಳಕ್ಕೇ ಬಂದರು.

ಮುಂದಿನ ತಿಂಗಳು ತಿ. ನರಸೀಪುರದ ಕ್ಯಾಂಪಿನಲ್ಲಿ ನಾನೂ ಮೇಷ್ಟ್ರೂ ಕೂತಿದ್ದಾಗ ಚಿಕ್ಕತಾಯಮ್ಮ ಹುಡುಕಿಕೊಂಡು ಬಂದರು. ಮೂಗಿನ ಮೇಲೆ ಅವರದೇ ಹೊಸ ಕನ್ನಡಕ, ಸೆರಗಿನ ಗಂಟಿನಲ್ಲಿ ಮೇಷ್ಟ್ರದ್ದು. ಹಿಂದೆಯೇ ಭಾಗ್ಯ, ಎರಡು ಜಡೆ, ಎರಡು ರಿಬ್ಬನ್ನು.

"ಕೂದ್ಲು ಉಳೀತು ಸಾ. ಈಗ ಆ ಮೇಡಮ್ಮೋರೇ ಬಂದು ನನ್ ಮುಂದೆ ತಲೆ ಬಗ್ಗುಸ್ತಾರೆ," ಎಂದವರು ದನಿ ತಗ್ಗಿಸಿದರು. "ಅವ್ರ ತಲೇಲೂ ಏನು!"

ಭಾಗ್ಯ ಬಾಯಿಗೆ ಜಡೆ ಅಡ್ಡ ಹಿಡಿದು ನಕ್ಕಳು. ಅಂದಿನಷ್ಟು ಸಂತೋಷ ನನಗೆ ಯಾವ ಪ್ರಮೋಷನ್ನಿನಲ್ಲೂ ಆಗಲಿಲ್ಲ.

ಮೊನ್ನೆ ಆ ತಪಾಸಣೆಯ ಕುರ್ಚಿಯಲ್ಲಿ ಇದನ್ನೆಲ್ಲ ನೆನೆದು ಒಬ್ಬನೇ ನಗುತ್ತಿದ್ದೆ. ಬಿಳಿ ಕೋಟಿನ ಹುಡುಗಿ ತಾಳ್ಮೆಯಿಂದಲೇ, "ಸರ್, ನಿಮಗೆ ಹತ್ತಿರದ್ದು ಮುಖ್ಯವಾಗಿ ಏನು ನೋಡಬೇಕು?" ಎಂದಳು. ಪೇಪರು ಎನ್ನಲು ಹೊರಟವನು ತಡೆದುಕೊಂಡೆ.

"ನಮ್ಮ ಮನೆಯವಳಿಗೆ ತೋಳು ಮೇಲೆತ್ತಲು ಆಗುವುದಿಲ್ಲಮ್ಮ. ದಿನಾ ನಾನೇ ತಲೆ ಬಾಚುತ್ತೇನೆ. ಬೈತಲೆ ಸೊಟ್ಟ ಅಂತ ದಿನಾ ಬೈಸಿಕೊಳ್ಳುತ್ತೇನೆ."

ಹುಡುಗಿ ಕಾರ್ಡನ್ನು ಬದಿಗಿಟ್ಟಳು. ಹೊರಗೆ ಬೆಂಚಿನ ಮೇಲಿದ್ದ ನನ್ನ ಹೆಂಡತಿಯನ್ನು ಒಳಗೆ ಕರೆದು ನನ್ನ ಮುಂದೆ ಕೂರಿಸಿ, ಬಾಚಣಿಗೆ ಇದೆಯಾ ಎಂದು ಕೇಳಿದಳು.