ಬೆಟ್ಟದಲ್ಲಿ ಬಿಳಿ ಬಟ್ಟೆ ಎಳೆಯುತ್ತಿದ್ದವನು

ಪಿತೂರಿಯ ಸಿನಿಮಾಗಳೆಂದರೆ ನನಗೆ ಹುಚ್ಚು. ಶಿರಸಿಯ ಟಾಕೀಸಿನಲ್ಲಿ ಹತ್ತಿದ್ದು, ಮೊಬೈಲಿನಲ್ಲಿ ಹೆಚ್ಚಾಯಿತು. ಆ ಸಿನಿಮಾಗಳಲ್ಲಿ ಯಾವ ರೋಗವೂ ತಾನಾಗಿ ಬರುವುದಿಲ್ಲ. ಯಾರೋ ತಂದು ಬಿಟ್ಟಿರುತ್ತಾರೆ, ಆಮೇಲೆ ಅವರೇ ಔಷಧಿ ಮಾರುತ್ತಾರೆ. ನಮ್ಮ ಅಜ್ಜಿ ಇದನ್ನೇ ಮಾಟ ಎನ್ನುತ್ತಿದ್ದಳು. ಸಿನಿಮಾದವರು ಮಾಟಗಾರನಿಗೆ ಬಿಳಿ ಕೋಟು ಹಾಕಿದರು, ಅಷ್ಟೇ. ಮೊದಲು ಅನುಮಾನಪಟ್ಟವನನ್ನು ಕಂಡು ಊರೆಲ್ಲ ನಗುತ್ತದೆ, ಕೊನೆಗೆ ಅವನೇ ಸರಿ. ಆ ಒಬ್ಬ ನಾನಾಗಬೇಕೆಂಬ ಆಸೆಯಿತ್ತು. ಐವತ್ತು ದಾಟಿದವನು ಹೇಳಿಕೊಳ್ಳುವ ಮಾತಲ್ಲ, ಆದರೂ ಇತ್ತು.

ಆ ವರ್ಷ ಸಿದ್ದಾಪುರದ ನಮ್ಮ ಕಡೆ ಮಂಗನ ಕಾಯಿಲೆ ಬಂದಿತ್ತು. ಕಾಡಿನ ಉಣುಗು, ಅಂದರೆ ಉಣ್ಣೆಹುಳ, ಕಚ್ಚಿ ಬರುವ ಜ್ವರ ಅದು. ಒಣ ದರಕು, ಉದುರಿದ ಎಲೆ, ಗುಡಿಸಿ ತರಲು ಬೆಟ್ಟಕ್ಕೆ ಹೋಗಿದ್ದ ಪಕ್ಕದ ಮನೆಯಾಕೆ ಆಸ್ಪತ್ರೆ ಸೇರಿದ್ದಳು.

ಒಂದು ಬೆಳಿಗ್ಗೆ ಅದೇ ಬೆಟ್ಟದಲ್ಲಿ ಗುರುತಿಲ್ಲದ ಒಬ್ಬನನ್ನು ಕಂಡೆ. ಬಿಳಿ ಬಟ್ಟೆಯೊಂದನ್ನು ನೆಲದ ಮೇಲೆ ಎಳೆಯುತ್ತ ನಡೆಯುತ್ತಿದ್ದ. ಹತ್ತು ಹೆಜ್ಜೆಗೊಮ್ಮೆ ನಿಂತು, ಬಗ್ಗಿ, ಬಟ್ಟೆಯ ಹತ್ತಿರ ಸಣ್ಣ ಬಾಟಲಿ ಹಿಡಿಯುತ್ತಿದ್ದ. ನನಗೆ ಎಲ್ಲ ತಿಳಿದುಹೋಯಿತು! ಹತ್ತಿರ ಹೋಗಿ ಕೇಳಬಹುದಿತ್ತು. ಸಿನಿಮಾದಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ನೇರ ಚಾ ಅಂಗಡಿಗೆ ಓಡಿದೆ.

“ಬೆಟ್ಟದಲ್ಲಿ ಒಬ್ಬ ಉಣುಗು ಬಿಡ್ತಾ ಇದ್ದ! ಬಾಟ್ಲಿಯಿಂದ ತೆಗ್ದು ತೆಗ್ದು ಬಿಡ್ತಾ ಇದ್ದ. ನಾನೇ ಕಣ್ಣಾರೆ ನೋಡಿದ್ದು!”

ನೋಡಿದ್ದು ಬಟ್ಟೆ ಮತ್ತು ಬಾಟಲಿ ಮಾತ್ರ. ಉಳಿದದ್ದನ್ನು ದಾರಿಯಲ್ಲಿ ಓಡುತ್ತ ನಾನೇ ಸೇರಿಸಿಕೊಂಡಿದ್ದೆ.

ಏಳೆಂಟು ಜನ ಹೊರಟರು. ಎಲ್ಲರಿಗಿಂತ ಮುಂದೆ, ಆಸ್ಪತ್ರೆಯಲ್ಲಿದ್ದವಳ ಗಂಡ. ಅವನು ಹೋದವನೇ ಆ ಮನುಷ್ಯನ ಚೀಲ ಕಸಿದು ಬಂಡೆಗೆ ಅಪ್ಪಳಿಸಿದ. ಬಾಟಲಿಗಳು ಚೂರಾದವು. ಕೆನ್ನೆಗೂ ಒಂದು ಬಾರಿಸಿದ.

“ಆರೋಗ್ಯ ಇಲಾಖೆಯಂವ ಮಾರಾಯ್ರೆ ನಾನು! ಬಿಡೂದಲ್ಲ, ಹಿಡಿಯೂದು!” ಎಂದು ಅವನು ಕೊರಳಿನ ಗುರುತಿನ ಚೀಟಿ ಎತ್ತಿ ತೋರಿಸಿದ. ನೆಲದ ಮೇಲೆ ಎಳೆದರೆ ಬಟ್ಟೆಗೆ ಉಣುಗು ಹತ್ತುತ್ತವಂತೆ. ಅವನ್ನು ಪರೀಕ್ಷೆಗೆ ಕಳಿಸಿದರೆ ಯಾವ ಬೆಟ್ಟದಲ್ಲಿ ರೋಗವಿದೆ, ಯಾವ ಊರಿನವರು ಕಾಡಿಗೆ ಹೋಗಬಾರದು ಎಂದು ಗೊತ್ತಾಗುತ್ತದಂತೆ. ಮೂರು ದಿನ ಊರೂರು ತಿರುಗಿ ಹಿಡಿದದ್ದೆಲ್ಲ ಆ ಚೀಲದಲ್ಲಿತ್ತು.

ಒಡೆದ ಗಾಜಿನ ನಡುವಿನಿಂದ ಉಣುಗುಗಳು ಹರಿದು, ನಾವು ನೋಡುತ್ತಿರುವಂತೆಯೇ ದರಕಿನೊಳಗೆ ಸೇರಿಹೋದವು. ಬೇರೆ ಬೇರೆ ಬೆಟ್ಟದ ಉಣುಗನ್ನು ನಮ್ಮ ಬೆಟ್ಟಕ್ಕೆ ಬಿಟ್ಟವರು ನಾವೇ.

“ನಾನು ಉಣುಗು ಬಿಡ್ತೆ ಅಂತ ನಿಮಗೆ ಹೇಳಿದ್ದು ಯಾರು?” ಎಂದು ಅವನು ಕೇಳಿದ.

ಎಲ್ಲರೂ ನನ್ನ ಕಡೆ ತಿರುಗಿದರು. “ಊರಲ್ಲಿ ಎಲ್ಲರೂ ಹೇಳ್ತಿದ್ರು” ಎಂದೆ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಪಕ್ಕದ ಮನೆಯವನು ನನ್ನನ್ನು ಒಂದು ಕ್ಷಣ ನೋಡಿದ. ಆಮೇಲೆ ಆ ಮನುಷ್ಯನ ಮುಂದೆ ಕೈ ಮುಗಿದ. “ತಪ್ಪು ನಂದೇ ಸಾರ್. ಹೆಂಡ್ತಿ ಆಸ್ಪತ್ರೆಯಲ್ಲಿದ್ದು, ಸಿಟ್ಟಲ್ಲಿ ಬುದ್ಧಿ ಇರಲಿಲ್ಲೆ” ಎಂದ.

ಅವನ ಪಕ್ಕದಲ್ಲಿ ನಿಂತು, ಹೌದು, ತಪ್ಪು ಅವನದೇ ಎಂಬಂತೆ ನಾನು ತಲೆಯಾಡಿಸಿದೆ.