ಲಾಕ್‌ಡೌನ್ ಮುಗಿದ ಮೇಲಿನ ಪಾತ್ರೆಗಳು

ಐರ್ಲೆಂಡಿನ ಮೇನೂತ್ ಊರಿನಲ್ಲಿ ಲಾಕ್‌ಡೌನ್ ಜಾರಿಯಾದ ವಾರವೇ ನಮ್ಮ ಮನೆಯಲ್ಲಿ ಇನ್ನೊಂದು ಆಜ್ಞೆಯೂ ಜಾರಿಯಾಯಿತು: ಕೊರೋನ ಮುಗಿಯುವವರೆಗೆ ಪಾತ್ರೆ ತೊಳೆಯುವ ಹೊಣೆ ಯಜಮಾನರದು. ಯಜಮಾನನೆಂದರೆ ನಾನು, ಆ ಪದವಿಗೆ ಕರ್ತವ್ಯಗಳೂ ಉಂಟೆಂದು ತಿಳಿದದ್ದು ಆಗಲೇ. ಡಿಶ್‌ವಾಷರ್ ಇರಲಿಲ್ಲವೆಂದಲ್ಲ, ಬಾಡಿಗೆ ಮನೆಯ ಜೊತೆಗೇ ಬಂದಿತ್ತು. ಆದರೆ ಎಂಜಲು ತಟ್ಟೆಗಳನ್ನೆಲ್ಲ ಒಟ್ಟಿಗೆ ಕೂಡಿಹಾಕಿ ತೊಳೆಯುವ ಯಂತ್ರವನ್ನು ನನ್ನಾಕೆ ನಂಬಿದವಳಲ್ಲ. ಅದರೊಳಗೆ ತೊಗರಿಬೇಳೆ, ಅವಲಕ್ಕಿ, ಹುಣಸೆಹಣ್ಣಿನ ಡಬ್ಬಗಳು ಸುಖವಾಗಿ ವಾಸವಾಗಿದ್ದವು.

ಅವಳಿಗೆ ಬಿಡುವಿರಲಿಲ್ಲ, ನಿಜ. ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆಯುತ್ತಿದ್ದಳು. ಎರಡನೇ ಮಹಾಯುದ್ಧದ ಹೆಸರಿನಲ್ಲಿ ಆಫ್ರಿಕದ ಬ್ರಿಟಿಷ್ ವಸಾಹತುಗಳ ಜನರನ್ನು ತವರದ ಗಣಿಗೆ, ಕತ್ತಾಳೆ ತೋಟಕ್ಕೆ ಬಲವಂತದಿಂದ ಅಟ್ಟಿದ್ದು, ಆ ಚಾಕರಿ ಕೊನೆಗೊಂಡ ಬಗೆ, ಇದು ವಿಷಯ. ಕೊನೆಯ ಅಧ್ಯಾಯ ಸಿಕ್ಕಿಕೊಂಡಿತ್ತು. ಯುದ್ಧ ಮುಗಿದ ಕೂಡಲೇ ಅದು ಏಕೆ ನಿಲ್ಲಲಿಲ್ಲ ಎಂಬುದನ್ನು ಹೇಗೆ ಬರೆದರೂ ಮಾರ್ಗದರ್ಶಕರು ಒಪ್ಪುತ್ತಿರಲಿಲ್ಲ. ಶುಕ್ರವಾರದೊಳಗೆ ಕೊಡದಿದ್ದರೆ ಇಡೀ ಪ್ರಬಂಧ ಮುಂದಿನ ವರ್ಷಕ್ಕೆ.

ಅದೇ ವಾರ ನಿರ್ಬಂಧಗಳು ಸಡಿಲವಾದವು. ನಾನು ಕೈ ಒರೆಸಿಕೊಂಡು ಮನವಿ ಸಲ್ಲಿಸಿದೆ.

“ತುರ್ತುಪರಿಸ್ಥಿತಿ ಮುಗೀತು ಕಣೇ. ಇನ್ನಾದ್ರೂ ಬಿಡುಗಡೆ ಮಾಡು.”

“ಅದು ಮುಗಿದ್ರೆ ಪಾತ್ರೆ ಮುಗೀತಾ? ಈಗ ನಿಮ್ಮನ್ನ ಬಿಟ್ರೆ ಕೆಲಸ ನಡೆಯೋದು ಹೆಂಗ್ರೀ? ಅಲ್ದೆ ನಿಮಗೂ ಅಭ್ಯಾಸ ಆಗೋಗಿದೆ…”

ಅಲ್ಲಿಗೇ ನಿಂತಳು.

“ಅಯ್ಯೋ ರೀ, ಇದು ಯುದ್ಧ ಮುಗಿದ್ರೂ ಚಾಕರಿ ಬಿಡಿಸದ ಆ ಗವರ್ನರ್‌ಗಳ ಮಾತು!”

ಕಾಫಿ ಬಿಟ್ಟು ಕೋಣೆಗೆ ಓಡಿದಳು. ಗಣಿಯಲ್ಲಿ ಸತ್ತವರ ಮುಂದೆ ನನ್ನ ತಳ ಹತ್ತಿದ ಕುಕ್ಕರ್ ಯಾವ ಲೆಕ್ಕ? ನನ್ನ ಗೊಣಗಾಟ ಕೇಳಲು ಹೆಂಡತಿಯಾದರೂ ಇದ್ದಳು. ಹಾಗಾಗಿ ಕುಕ್ಕರ್ ಉಜ್ಜಿದೆ. ವಿಮೋಚನೆಯ ಅಧ್ಯಾಯ ಮುಗಿಯಲು ಯಾರಾದರೂ ಪಾತ್ರೆ ತೊಳೆಯಲೇಬೇಕಿತ್ತು.

ಶುಕ್ರವಾರ ಅಧ್ಯಾಯ ಹೋಯಿತು. ಸಂಜೆಗೆ ಮಾರ್ಗದರ್ಶಕರ ಉತ್ತರ ಬಂತು: ‘ದಟ್ಸ್ ಗ್ರ್ಯಾಂಡ್,’ ಐರಿಷರ ಮಾತಿನಲ್ಲಿ ‘ಸರಿಯಾಗಿದೆ’ ಎಂದರ್ಥ. ನನ್ನಾಕೆ ನನಗೂ ಬಿಡುಗಡೆ ಘೋಷಿಸಿ, ಡಬ್ಬಗಳನ್ನು ಒಂದೊಂದಾಗಿ ಹೊರಗಿಟ್ಟು, ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಸಮಾರಂಭಕ್ಕೆ ತಕ್ಕ ಗಾಂಭೀರ್ಯದಿಂದ ನಾನು ಮೊದಲ ತಟ್ಟೆಯನ್ನು ಒಳಗಿಡಲು ಬಾಗಿದೆ.

“ರೀ, ಹಾಗೇ ಇಡ್ತೀರಾ? ಒಂದ್ಸಲ ಸೋಪ್ ಹಾಕಿ ತೊಳೆದು ಇಡಿ.”

ಇಲ್ಲೇ ಹುಟ್ಟಿ ಬೆಳೆದ ಮಗಳು ಫೋನಿನಿಂದ ತಲೆಯೆತ್ತಿದಳು. “ಅಮ್ಮಾ, ದೆನ್ ವಾಟ್ಸ್ ದ ಮಷೀನ್ ಫಾರ್?”

“ಅದು ಆಮೇಲೆ ತೊಳೆಯತ್ತೆ.”

ಕಾನೂನು ರದ್ದಾದ ಮೇಲೂ ಕೆಲವೆಡೆ ಬೇರೆ ಹೆಸರಿನಲ್ಲಿ ಚಾಕರಿ ನಡೆದೇ ಇತ್ತೆಂದು ನನ್ನಾಕೆಯೇ ಅಡಿಟಿಪ್ಪಣಿಯಲ್ಲಿ ಬರೆದಿದ್ದಳು. ನಾನು ನಲ್ಲಿ ತಿರುಗಿಸಿದೆ.