ಎಣ್ಣೆ ಡಬ್ಬದ ಗಗನನೌಕೆ

ಹುಲಿಯಪ್ಪ ಕೂತದ್ದನ್ನು ನೋಡಿದವರು ಪರಶುರಾಂಪುರದ ಸುತ್ತಮುತ್ತ ಬಹಳ ಕಡಿಮೆ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಡಬ್ಬಗಳ ಬಾಯಿಗೆ ಬೆಸುಗೆ ಹಾಕುವುದು ಅವನ ಕೆಲಸ. ಅದನ್ನು ನಿಂತೇ ಮಾಡಬೇಕು. ಬೆಳಿಗ್ಗೆಯ ಬಸ್ಸು ಹೊರಡುವಾಗಲೇ ತುಂಬಿರುತ್ತಿತ್ತು. ಅಪರೂಪಕ್ಕೆ ಸೀಟು ಸಿಕ್ಕಿತು ಅಂದರೆ, ಮುಂದಿನ ಸ್ಟಾಪಿನಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಹತ್ತಿ ನೇರವಾಗಿ ಅವನ ಎದುರಿಗೇ ಬಂದು ನಿಲ್ಲುವಳು. ಬಸ್ಸಿನ ತುಂಬಾ ಜನ ಕೂತಿದ್ದರೂ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಹುಲಿಯಪ್ಪನ ಮುಖ ಒಂದೇ. ಅವನು ಏಳುತ್ತಿದ್ದ. ಮದುವೆಗೆ ಹೋದರೆ ಪಂಕ್ತಿಯಲ್ಲಿ ಕೂರುವ ಮೊದಲೇ ಯಾರೋ ಅವನ ಕೈಗೆ ಸಾರಿನ ಬಕೆಟ್ಟು ಕೊಡುತ್ತಿದ್ದರು. ಮನೆಯಲ್ಲಿ ಒಂದು ಕಬ್ಬಿಣದ ಕುರ್ಚಿ ಇತ್ತು. ಅದು ಬಂದವರಿಗೆ. ಯಾರೂ ಬರದ ದಿನ ಅದರ ಮೇಲೆ ಹಾಸಿಗೆ ಮಡಚಿ ಇಡುತ್ತಿದ್ದರು.

ಇದನ್ನೆಲ್ಲ ಅವನು ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಮಾತೇ ಕಡಿಮೆ.

ತೊಂಬತ್ತರ ದಶಕದ ನಡುವೆ ಅವನ ಹಟ್ಟಿಗೆ ಮೊದಲ ಕಲರ್ ಟೀವಿ ಬಂತು. ತಂದವನು ಪಕ್ಕದ ಮನೆಯ ಶಿವಮೂರ್ತಪ್ಪ. ಭಾನುವಾರ ಬೆಳಿಗ್ಗೆ ಅವನ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹುಲಿಯಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದ. ಬರುತ್ತಿದ್ದದ್ದು ಹಿಂದಿ ಧಾರಾವಾಹಿ. ಬೆಳ್ಳಿ ಬಣ್ಣದ ಬಿಗಿಯಾದ ಅಂಗಿ ತೊಟ್ಟ ಒಬ್ಬ ಮನುಷ್ಯ ಗಗನನೌಕೆಯಲ್ಲಿ ಹೋಗುತ್ತಿದ್ದ, ಬರುತ್ತಿದ್ದ. ಹಿಂದಿ ಯಾರಿಗೂ ತಿಳಿಯದು. ಟೀವಿ ತನ್ನದಾದ್ದರಿಂದ ಅರ್ಥ ಹೇಳುವ ಕೆಲಸವನ್ನೂ ಶಿವಮೂರ್ತಪ್ಪನೇ ವಹಿಸಿಕೊಂಡಿದ್ದ. ಒಂದು ವಾರ ಆ ಮನುಷ್ಯ ಹೆಣ್ಣು ನೋಡಲು ಹೊರಟಿದ್ದಾನೆ ಎಂದ. ಮುಂದಿನ ವಾರ ಅದೇ ಮನುಷ್ಯ ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದಾನೆ ಎಂದ. ಎರಡನ್ನೂ ಜನ ಒಪ್ಪಿಕೊಂಡರು.

ಹುಲಿಯಪ್ಪನಿಗೆ ಆ ಮನುಷ್ಯ ಎಲ್ಲಿಗೆ ಹೋದರೂ ಒಂದೇ. ಅವನು ನೋಡುತ್ತಿದ್ದದ್ದು ಸೀಟನ್ನು. ಆ ಮನುಷ್ಯ ಬಾಗಿಲು ಮುಚ್ಚುತ್ತಿದ್ದ, ಮುಂದೆ ಹೋಗಿ ಕೂರುತ್ತಿದ್ದ, ಒಂದು ಗುಂಡಿ ಒತ್ತುತ್ತಿದ್ದ. ಕೆಂಪು ದೀಪ ಹತ್ತುತ್ತಿತ್ತು. ಸುತ್ತ ಬರೀ ಆಕಾಶ. ದಾರಿಯಲ್ಲಿ ಒಂದೂ ಸ್ಟಾಪಿಲ್ಲ, ಯಾರೂ ಹತ್ತುವುದಿಲ್ಲ, ಸ್ವಲ್ಪ ಸರೀರಿ ಅನ್ನುವವರಿಲ್ಲ.

ಒಂದು ಸಂಜೆ ಹುಲಿಯಪ್ಪ ಹಿತ್ತಲಲ್ಲಿ ನಾಲ್ಕು ಗೂಟ ಹೊಡೆದ. ಹೆಂಡತಿ ಗಂಗಲಕ್ಷ್ಮಿ ಕುರಿಮರಿಗೆ ಗೂಡು ಕಟ್ಟುತ್ತಿದ್ದಾನೆ ಅಂದುಕೊಂಡು ಸುಮ್ಮನಿದ್ದಳು. ಗೂಟ ಎಂಟಾಗಿ, ಬಿದಿರಿನ ದಬ್ಬೆಗಳು ಬಾಗಿ, ಒಂದು ದೊಡ್ಡ ಬದನೆಕಾಯಿ ಮಲಗಿದ ಹಾಗೆ ಕಾಣತೊಡಗಿದಾಗ ಕೇಳಿದಳು. ಅವನು ನಿಜವನ್ನೇ ಹೇಳಿದ. ಟೀವಿಯಲ್ಲಿ ಬರುವ ವಿಮಾನ. ಅಷ್ಟೇ ಗಾತ್ರದ್ದು. ಹಾರುವುದಿಲ್ಲ. ಒಳಗೆ ಕೂರುವುದಕ್ಕೆ.

ಗಂಗಲಕ್ಷ್ಮಿ ಗೂಟಗಳ ಸುತ್ತ ಒಂದು ಸುತ್ತು ಬಂದಳು.

“ಶೇಂಗಾ ಕಿತ್ತು ಬರೋತನಕ ಹಿತ್ಲು ನಿಂದು,” ಎಂದಳು. “ಕಾಯಿ ಬಂದು ಬಿತ್ತು ಅಂದ್ರೆ ಒಣಗ್ಸಾಕೆ ನಂಗೆ ಜಾಗ ಬೇಕು. ಅವತ್ತೇ ಇದು ಗುಜ್ರಿಗೆ.”

ಅವನು ತಲೆಯಾಡಿಸಿದ.

ಟೀವಿಯಲ್ಲಿ ಅದು ಮೊಳದುದ್ದ ಕಾಣುತ್ತಿತ್ತು. ನಿಜವಾದ ಅಳತೆ ಎಷ್ಟು ಎಂದು ಹುಲಿಯಪ್ಪ ಎರಡು ಭಾನುವಾರ ಯೋಚಿಸಿದ. ಆ ಮನುಷ್ಯ ಹಿಂದಿನ ಬಾಗಿಲಿನಿಂದ ಬಗ್ಗದೆ ಒಳಗೆ ಹೋಗುತ್ತಿದ್ದ. ಹಾಗಾಗಿ ಹುಲಿಯಪ್ಪ ತನ್ನ ತಲೆಗಿಂತ ಒಂದು ಗೇಣು ಮೇಲಕ್ಕೆ ಬಾಗಿಲಿಟ್ಟ. ಟೀವಿಯವನು ಎರಡು ಕೈ ಸೊಂಟಕ್ಕಿಟ್ಟುಕೊಂಡೇ ನುಗ್ಗುತ್ತಿದ್ದ. ಅದಕ್ಕೆ ಅಗಲವನ್ನೂ ಹಾಗೇ ಇಟ್ಟ. ಆ ಮನುಷ್ಯ ಕೆಲವು ಸಲ ಮೇಲಿನ ಮುಚ್ಚಳ ತೆಗೆದು ತಲೆ ಹೊರಗೆ ಹಾಕುತ್ತಿದ್ದ. ಅದನ್ನೂ ಬಿಡಲಿಲ್ಲ.

ತಗಡಿಗೆ ಖರ್ಚಾಗಲಿಲ್ಲ. ಮಿಲ್ಲಿನಲ್ಲಿ ತೂತಾದ, ಜಜ್ಜಿಹೋದ ಡಬ್ಬಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಕೇಳಿ ತಂದ. ಬಿಡಿಸಿ, ಬಡಿದು, ಒಂದಕ್ಕೊಂದು ಬೆಸುಗೆ ಹಾಕಿದ. ಆ ಕೆಲಸದಲ್ಲಿ ಅವನ ಕೈ ಮೀರಿಸುವವರಿರಲಿಲ್ಲ. ಆದರೆ ತಗಡಿನ ಮೇಲಿದ್ದ ಚಿತ್ರ ಅಳಿಸಲು ಬಣ್ಣ ಬೇಕು, ಬಣ್ಣಕ್ಕೆ ದುಡ್ಡು ಬೇಕು. ಹಾಗೇ ಬಿಟ್ಟ. ಗಗನನೌಕೆಯ ಮೈತುಂಬಾ ಗಿಳಿಗಳು ಕೂತವು. ಪ್ರತಿ ಗಿಳಿಯ ಕೆಳಗೆ ಶುದ್ಧ ಶೇಂಗಾ ಎಣ್ಣೆ ಎಂದು ಬರೆದಿತ್ತು.

ಮುಂದಿನ ಗಾಜಿನ ಜಾಗಕ್ಕೆ ನೀಲಿ ಪ್ಲಾಸ್ಟಿಕ್ ಹಾಳೆ. ಸೀಟು ಹಳೆಯ ಟ್ರ್ಯಾಕ್ಟರಿನದು, ಹಿಂಬದಿ ತುಕ್ಕು ಹಿಡಿದಿದ್ದರೂ ಕೂರುವ ಕಡೆ ಗಟ್ಟಿ.

ಶಿವಮೂರ್ತಪ್ಪ ದಿನಾ ಬೇಲಿಯ ಆಚೆ ನಿಂತು ನೋಡುತ್ತಿದ್ದ.

“ಲೇ ಹುಲಿಯಪ್ಪ, ಇದ್ಕೆ ಕಂಡಕ್ಟರ್ ಯಾರ್ಲೇ?”

“ಕಂಡಕ್ಟರ್ ಇರಲ್ಲ.”

“ಮತ್ತೆ ಜನ ಎಲ್ಲಿ ಹತ್ತಾದು?”

“ಜನ ಹತ್ತಲ್ಲ,” ಎಂದ ಹುಲಿಯಪ್ಪ. ಇದನ್ನು ಹೇಳುವಾಗ ಅವನ ಮುಖದಲ್ಲಿ ಎಂಥ ಸಂತೋಷ ಇತ್ತೆಂದರೆ ಶಿವಮೂರ್ತಪ್ಪ ಮುಂದೆ ಕೇಳುವುದನ್ನು ಮರೆತ.

ಬಿರುಕುಗಳನ್ನು ಮುಚ್ಚುವುದೇ ಕಷ್ಟವಾಯಿತು. ಅಂಗಡಿಯಲ್ಲಿ ಸಿಗುವ, ಸಂದಿಗೆ ಮೆತ್ತುವ ಲಪ್ಪಕ್ಕೆ ಕೊಡುವಷ್ಟು ದುಡ್ಡಿರಲಿಲ್ಲ. ಹುಲಿಯಪ್ಪ ಕಂಬಳಿ ನೇಯುವವರಲ್ಲಿಗೆ ಹೋಗಿ, ಕಂಬಳಿ ಗಡುಸಾಗಲಿ ಎಂದು ಬಳಿಯುವ ಹುಣಸೆಬೀಜದ ಗಂಜಿಯನ್ನು ಒಂದು ಬಕೆಟ್ಟು ತಂದ. ಅದಕ್ಕೆ ಮಿಲ್ಲಿನ ನೆಲದಲ್ಲಿ ಗುಡಿಸಿದ ಶೇಂಗಾ ಹಿಂಡಿಯ ಪುಡಿ ಕಲಸಿದ. ಬಿಸಿಲಿಗೆ ಒಣಗಿದ ಮೇಲೆ ಕಲ್ಲಿನಂತೆ ಆಯಿತು. ಬಿರುಕೆಲ್ಲ ಮುಚ್ಚಿತು. ಮಿಕ್ಕಿದ್ದರಲ್ಲಿ ಸೀಟಿನ ಮುಂದೆ ಒಂದು ಇಳಿಜಾರು ಹಲಗೆ ಮೆತ್ತಿ, ಅದರ ಮೇಲೆ ಟೀವಿಯಲ್ಲಿದ್ದಂತೆ ಉಂಡೆ ಉಂಡೆ ಗುಂಡಿಗಳನ್ನು ಕೂರಿಸಿ, ನಡುನಡುವೆ ಸೋಡಾ ಬಾಟಲಿಯ ಮುಚ್ಚಳ ಒತ್ತಿದ. ಹಿಂಡಿ ಅಂದರೆ ದನ ಪ್ರಾಣ ಬಿಡುತ್ತದೆ ಎಂಬುದು ಕೂಸಿಗೂ ಗೊತ್ತು. ಆದರೆ ವರ್ಷಗಟ್ಟಲೆ ಮಿಲ್ಲಿನಲ್ಲಿ ನಿಂತವನಿಗೆ ಹಿಂಡಿಯ ವಾಸನೆ ಮೂಗಿಗೆ ಹತ್ತುತ್ತಿರಲಿಲ್ಲ. ಗಂಗಲಕ್ಷ್ಮಿಗೆ ಅದು ಗಂಡನ ವಾಸನೆ. ಅವಳಿಗೂ ಅನುಮಾನ ಬರಲಿಲ್ಲ.

ಇಷ್ಟೆಲ್ಲ ಆದರೂ ಹುಲಿಯಪ್ಪ ಒಂದು ಸಲವೂ ಆ ಸೀಟಿನ ಮೇಲೆ ಕೂರಲಿಲ್ಲ. ಪೂರ್ತಿ ಮುಗಿಯುವ ಮೊದಲು ಕೂತರೆ ಮತ್ತೆ ಏಳುವ ಮನಸ್ಸು ಬರುವುದಿಲ್ಲ, ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂದು ಅವನಿಗೆ ತನ್ನ ಮೇಲೇ ಭಯ.

ಶೇಂಗಾ ಕೀಳುವುದು ಶುರುವಾಯಿತು. ನಾಳೆ ಬೆಳಿಗ್ಗೆ ಕಾಯಿಯ ಗಾಡಿ ಬರುತ್ತದೆ ಎಂದು ಗಂಗಲಕ್ಷ್ಮಿ ಹೇಳಿದಳು. ಬಾಕಿ ಇದ್ದದ್ದು ಕೆಂಪು ದೀಪ ಒಂದೇ. ಹುಲಿಯಪ್ಪ ಮಿಲ್ಲಿಗೆ ರಜೆ ಹೇಳಿ ಚಳ್ಳಕೆರೆಗೆ ಹೋಗಿ ಬಲ್ಬು, ವೈರು, ಎರಡು ಸೆಲ್ಲು ಕೊಂಡು, ಬಸ್ಸಿನಲ್ಲಿ ನಿಂತುಕೊಂಡು ಬಂದ. ಇಂದು ನಿಲ್ಲುವುದು ಅವನಿಗೆ ಏನೂ ಅನ್ನಿಸಲಿಲ್ಲ.

ಹಿತ್ತಲಲ್ಲಿ ಜನ ಸೇರಿದ್ದರು. ಎಲ್ಲರೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದರು. ಗಗನನೌಕೆಯ ಹಿಂದಿನ ಬಾಗಿಲು ತೆರೆದಿತ್ತು. ಅದರಿಂದ ಒಂದು ಬಾಲ ಹೊರಗೆ ಬಂದು, ನೊಣ ಹೊಡೆದು, ಒಳಗೆ ಹೋಯಿತು.

ದೇವರೆತ್ತು. ಊರಾಚೆಯ ಹುಲ್ಲಿನ ಕಾವಲಿನಲ್ಲಿ ಮೇಯುವ ದೇವರ ದನಗಳಲ್ಲೇ ದೊಡ್ಡದು. ಅದಕ್ಕೆ ನೊಗ ಹೂಡುವಂತಿಲ್ಲ, ಕೋಲು ತೋರಿಸುವಂತಿಲ್ಲ. ಅದು ಹೊಲಕ್ಕೆ ಬಂದರೂ ಜನ ಕೈಮುಗಿದು ದಾರಿ ಬಿಡುತ್ತಾರೆ. ನೀರಿಗೆ ಹೊರಟಿದ್ದ ಹಿಂಡನ್ನು ಬಿಟ್ಟು, ಹಿಂಡಿಯ ವಾಸನೆ ಹಿಡಿದು, ಬೇಲಿ ಮುರಿದು ಬಂದಿತ್ತು. ಬಾಗಿಲು ಅದರ ಅಳತೆಗೇ ಮಾಡಿಸಿದ ಹಾಗಿತ್ತು. ಒಳಗೆ ನುಗ್ಗಿ, ಗುಂಡಿಗಳನ್ನೆಲ್ಲ ತಿಂದು, ಹಲಗೆಯನ್ನು ಅರ್ಧ ನೆಕ್ಕಿ, ಹೊಟ್ಟೆ ತುಂಬಿದ ಮೇಲೆ ಸೀಟಿನ ಪಕ್ಕಕ್ಕೆ ತಲೆ ಚಾಚಿ ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು.

ಆ ದನಗಳನ್ನು ಕಾಯುವ ಕಿಲಾರಿ ಕ್ಯಾತಣ್ಣ, ಕಂಬಳಿ ಹೊದ್ದ ಮುದುಕ, ಬಾಗಿಲಲ್ಲಿ ನಿಂತು ಬಗೆಬಗೆಯಾಗಿ ಕೂಗಿ ಕರೆದಿದ್ದ. ಎತ್ತು ಒಂದು ಕಿವಿ ಮಾತ್ರ ಅಲ್ಲಾಡಿಸಿತ್ತು. ಹೊರಗೆ ಹಿಂಡಿ ಇಟ್ಟು ನೋಡಿದ್ದರು. ಎತ್ತಿನ ಸುತ್ತಲೂ ಇದ್ದದ್ದು ಹಿಂಡಿಯೇ.

“ಹೊಡಿಯಂಗಿಲ್ಲ, ಹಗ್ಗ ಹಾಕಂಗಿಲ್ಲ,” ಎಂದ ಕ್ಯಾತಣ್ಣ. “ಅದಾಗೇ ಎದ್ರೂ ಕೊಂಬು ತಿರುಗಾಕೆ ಜಾಗಿಲ್ಲ, ಹಿಂದಕ್ಕೆ ನಡೆಯಾದಲ್ಲ ಅದು. ವಿಮಾನದ ಮುಂದ್ಲ ಮೂತಿ ಬಿಚ್ಬೇಕು ಹುಲಿಯಪ್ಪ. ಬ್ಯಾರೆ ದಾರಿ ಇಲ್ಲ.”

ಹುಲಿಯಪ್ಪ ಕೈಯಲ್ಲಿದ್ದ ಬಲ್ಬನ್ನು ನೋಡಿಕೊಂಡ. ಮೂತಿ ಬಿಚ್ಚಿದರೆ ಇವತ್ತೇ ಮತ್ತೆ ಕಟ್ಟಲು ಆಗದು. ನಾಳೆ ಶೇಂಗಾ ಬರುತ್ತದೆ. ಎಷ್ಟೋ ತಿಂಗಳ ಕೆಲಸ, ಒಂದು ಸಲವೂ ಕೂರದೆ ಗುಜರಿಗೆ ಹೋಗುತ್ತದೆ. ಜನ ಅವನ ಬಾಯನ್ನೇ ನೋಡುತ್ತಿದ್ದರು.

“ಬಿಚ್ತೀನಿ,” ಎಂದ. “ಅದ್ಕಿಂತ ಮುಂಚೆ ಒಂದ್ಸಾರಿ ಕುಂದ್ರುತೀನಿ.”

“ಎಲ್ಲಿ?”

“ಒಳಗೆ.”

“ಒಳಗೆ ಅದೈತಲ್ಲಪ್ಪ.”

“ಇರ್ಲಿ. ಅದ್ರ ಪಾಡಿಗೆ ಅದು, ನನ್ನ ಪಾಡಿಗೆ ನಾನು.”

ಕ್ಯಾತಣ್ಣ ಗಡ್ಡ ಕೆರೆದುಕೊಂಡ. ದೇವರೆತ್ತಿನ ಮುಂದೆ ಏನೇನು ಮಾಡಬಾರದು ಎಂದು ಹಿರಿಯರು ಬಹಳ ಹೇಳಿದ್ದರು. ಗಗನನೌಕೆಯಲ್ಲಿ ಅದರ ಪಕ್ಕ ಕೂರಬಹುದೋ ಬಾರದೋ ಎಂದು ಯಾರೂ ಹೇಳಿರಲಿಲ್ಲ. ಅವನು ಗಂಗಲಕ್ಷ್ಮಿಯ ಕಡೆ ನೋಡಿದ. ಅವಳು ನೀರಿನ ಚೊಂಬು ತಂದು ಗಂಡನ ಮುಂದೆ ಹಿಡಿದಳು.

“ಕಾಲು ತೊಳ್ಕೊಂಡು ಹತ್ತು. ದೇವ್ರೈತೆ ಒಳಗೆ.”

ಹುಲಿಯಪ್ಪ ಕಾಲು ತೊಳೆದು, ಏಣಿ ಹಾಕಿ, ಮೇಲಿನ ಮುಚ್ಚಳ ತೆಗೆದು, ಮೆಲ್ಲಗೆ ಸೀಟಿನ ಮೇಲೆ ಇಳಿದ. ಮುಚ್ಚಳ ಎಳೆದುಕೊಂಡ. ಎತ್ತಿನ ಮೂಗು ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಇತ್ತು. ಅದು ಅವನನ್ನು ಒಮ್ಮೆ ನೋಡಿ, ಬಸ್ಸಿನಲ್ಲಿ ಪಕ್ಕದ ಸೀಟಿನವರು ನೋಡಿದಷ್ಟೇ ನೋಡಿ, ಮೆಲುಕು ಮುಂದುವರಿಸಿತು. ಗುಂಡಿಗಳಿದ್ದ ಕಡೆ ಬರೀ ಸೋಡಾ ಮುಚ್ಚಳ ಉಳಿದಿತ್ತು. ಹುಲಿಯಪ್ಪ ವೈರಿನ ತುದಿಯನ್ನು ಸೆಲ್ಲಿಗೆ ತಾಗಿಸಿದ. ಕೆಂಪು ದೀಪ ಹತ್ತಿತು. ನೀಲಿ ಹಾಳೆಯ ಆಚೆ ಹೊಲ ನೀಲಿ, ಕಾವಲು ನೀಲಿ, ದೂರದ ಗುಡ್ಡ ನೀಲಿ. ಬೆನ್ನು ಸೀಟಿಗೆ ಒರಗಿತು. ಅದು ಒರಗುತ್ತದೆ ಎಂಬುದೇ ಬೆನ್ನಿಗೆ ಮೊದಲು ನಂಬಿಕೆಯಾಗಲಿಲ್ಲ.

ಹೊರಗೆ ಶಿವಮೂರ್ತಪ್ಪ ತಗಡು ಬಡಿದು, ಈಗ ಎಲ್ಲಿಗೆ ಬಂದೆ, ಬೇಗ ಇಳಿ, ದನ ನೀರಿಗೆ ಹೋಗಬೇಕು ಅಂದ. ಗಂಗಲಕ್ಷ್ಮಿಯ ದನಿ ಕೇಳಿಸಿತು.

“ಸುಮ್ಕಿರ್ರಿ. ಕುಂತಾನೆ.”

ಮತ್ತೆ ಯಾರೂ ಬಡಿಯಲಿಲ್ಲ. ಹುಲಿಯಪ್ಪ ಕೂತ. ಸಾಕು ಅನ್ನಿಸುವವರೆಗೆ ಕೂತ. ಅವನಿಗೆ ಸಾಕು ಅನ್ನಿಸಲು ತುಂಬಾ ಹೊತ್ತೇನೂ ಬೇಕಾಗಲಿಲ್ಲ, ಅದು ಅವನಿಗೇ ಆಶ್ಚರ್ಯ. ತಾನಾಗಿಯೇ ಹೊರಗೆ ಬಂದು, ಕತ್ತರಿ ಹಿಡಿದು, ಮೂತಿಯ ಬೆಸುಗೆಯನ್ನು ಒಂದೊಂದಾಗಿ ಬಿಡಿಸಿದ. ತಗಡು ಕೆಳಗಿಳಿಯಿತು. ಬೆಳಕು ಕಂಡ ಎತ್ತು ಎದ್ದು, ಮೈ ಕೊಡವಿ, ಸೀಟನ್ನು ಒಂದಿಷ್ಟು ಓರೆ ಮಾಡಿ, ಮುಂದಿನಿಂದ ಹೊರಗೆ ನಡೆಯಿತು. ಜನ ಕೈಮುಗಿದರು. ಕ್ಯಾತಣ್ಣ ಅದರ ಹಿಂದೆ ಹೋದ.

ಎಲ್ಲರೂ ಎತ್ತನ್ನೇ ನೋಡುತ್ತಿದ್ದಾಗ ಗಂಗಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಸೀಟನ್ನು ನೆಟ್ಟಗೆ ಮಾಡಿ ಕೂತಳು. ಆಮೇಲೆ ನಾನು, ಎಂದ ಶಿವಮೂರ್ತಪ್ಪ. ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಹುಲಿಯಪ್ಪ ಹತ್ತಿರ ಬಂದು ನಾಳೆ ಶೇಂಗಾ ಎಲ್ಲಿ ಹರವುವುದು ಎಂದು ಕೇಳಿದ.

“ಶಿವಮೂರ್ತಪ್ಪನ ಮಾಳಿಗೆ ಮ್ಯಾಲೆ ಹಾಕು,” ಎಂದಳು. “ಬಾಗ್ಲು ಮುಚ್ಚು.”

ಅವನು ಹೋಗಿ ಹಿಂದಿನ ಬಾಗಿಲು ಮುಚ್ಚಿದ. ಮುಂದುಗಡೆ ಮುಚ್ಚಲು ಏನೂ ಇರಲಿಲ್ಲ. ಬಿಡಿಸಿಟ್ಟಿದ್ದ ಮೂತಿಯ ತಗಡನ್ನು ಎರಡು ಕೈಯಲ್ಲಿ ಎತ್ತಿ, ನೀಲಿ ಹಾಳೆ ಅವಳ ಕಣ್ಣಿಗೆ ನೇರವಾಗಿ ಬರುವಂತೆ ಹಿಡಿದುಕೊಂಡು ನಿಂತ.